ಆಯುಧಪೂಜೆಗೆ ಕೂತ ಚೆಂಡು

ದಸರಾ ರಜೆ ಶುರುವಾಗುವ ಹೊತ್ತಿಗೆ ರಾಮನಾಥಪುರದ ಸುತ್ತಲಿನ ಹೊಲಗಳಲ್ಲಿ ಹೊಗೆಸೊಪ್ಪಿನ ಗಿಡಗಳು ತುದಿಯ ನಾಲ್ಕೆಲೆ ಉಳಿಸಿಕೊಂಡು ನಿಂತಿರುತ್ತಿದ್ದವು. ಆ ಕೊನೆಯ ಎಲೆಗಳನ್ನು ಮುರಿದು, ಕಡ್ಡಿಗೆ ಕಟ್ಟಿ, ಎಲೆ ಬೇಯಿಸುವ ಬ್ಯಾರನ್‌ಗೆ ಏರಿಸಲು ಮನೆಮಂದಿಯೆಲ್ಲ ಕೈಹಾಕಬೇಕು. ಬೆಳಿಗ್ಗೆಯಿಂದ ಹಸಿ ಎಲೆ ಮುಟ್ಟಿದ ಮಕ್ಕಳ ಅಂಗೈಗೆ ಅಂಟು ಹತ್ತಿ ಕಪ್ಪಗಾಗುತ್ತಿತ್ತು. ಎಷ್ಟು ಉಜ್ಜಿದರೂ ಆ ಬಣ್ಣ ಬಿಡುತ್ತಿರಲಿಲ್ಲ, ಅನ್ನದ ತುತ್ತಿಗೂ ಅದರ ಕಹಿ ಇಳಿಯುತ್ತಿತ್ತು. ಬಿಸಿಲು ಇಳಿಯುತ್ತಲೇ ಅದೇ ಕೈಯಲ್ಲಿ ಜಾತ್ರೆ ಮಾಳಕ್ಕೆ ಓಡುತ್ತಿದ್ದೆವು. ಮಾಳದಲ್ಲಿ ಫುಟ್‌ಬಾಲ್ ಇರುತ್ತಿತ್ತು. ವರ್ಷದಲ್ಲಿ ಆ ರಜೆಯಲ್ಲಿ ಮಾತ್ರ ಇರುತ್ತಿತ್ತು.

1980ರ ದಶಕದಲ್ಲಿ ನಮ್ಮ ಕಡೆ ಆಟಗಳಿಗೆಲ್ಲ ಒಂದೊಂದು ಕಾಲವಿತ್ತು. ಸುಗ್ಗಿ ಮುಗಿದು ಕಣ ಖಾಲಿಯಾದರೆ ಚಿನ್ನಿದಾಂಡು. ಬಿಸಿಲೇರಿದರೆ ಹೊಂಗೆಯ ನೆರಳಲ್ಲಿ ಗೋಲಿ, ಬುಗುರಿ. ಆಷಾಢದ ಗಾಳಿಗೆ ಗಾಳಿಪಟ. ಯಾರೂ ಬರೆದಿಟ್ಟ ನಿಯಮವಲ್ಲ, ಆದರೆ ಗಾಳಿಪಟದ ಕಾಲದಲ್ಲಿ ಬುಗುರಿ ಹಿಡಿದು ಬಂದವನ ಜೊತೆ ಯಾರೂ ಸೇರುತ್ತಿರಲಿಲ್ಲ. ಫುಟ್‌ಬಾಲಿಗೆ ದಸರೆಯೇ ಕಾಲವಾಗಲು ನೆಲವೇ ಕಾರಣ. ಪ್ರಸನ್ನ ಸುಬ್ರಹ್ಮಣ್ಯ ಸ್ವಾಮಿಯ ತೇರು ಎಳೆಯುವುದು ಮಾರ್ಗಶಿರ ಶುದ್ಧ ಷಷ್ಠಿಯಂದು. ಆ ಹೊತ್ತಿಗೆ ದನಗಳ ಜಾತ್ರೆಯೂ ಕಟ್ಟುತ್ತದೆ, ಮಾಳದ ತುಂಬ ಹಳ್ಳಿಕಾರ್ ಎತ್ತುಗಳು, ಗೂಟಗಳು, ಬಿಡಾರಗಳು. ಜಾತ್ರೆ ಕಳೆದ ಮೇಲೆ ನೆಲ ತುಳಿತಕ್ಕೆ ಸಿಕ್ಕು ಗಟ್ಟಿಯಾಗಿ, ಬೇಸಿಗೆಗೆ ಬಿರುಕು ಬಿಡುತ್ತದೆ. ಬರಿಗಾಲಿನ ಹುಡುಗರಿಗೆ ಆ ನೆಲ ಆಗದು. ಮಳೆಗಾಲ ಮುಗಿದು ಜಾತ್ರೆ ಕಟ್ಟುವವರೆಗಿನ ಒಂದೆರಡು ತಿಂಗಳು ಮಾತ್ರ ಮಾಳದಲ್ಲಿ ಹುಲ್ಲು, ಹುಲ್ಲಿನ ಕೆಳಗೆ ಮೆತ್ತನೆ ಮಣ್ಣು. ಬಿದ್ದರೆ ಮೊಣಕಾಲಿಗೆ ಹಸಿರು ಹತ್ತುತ್ತಿತ್ತೇ ಹೊರತು ರಕ್ತ ಬರುತ್ತಿರಲಿಲ್ಲ.

ಊರನ್ನು ನೋಡದವರಿಗಾಗಿ ಎರಡು ಮಾತು. ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಕಾವೇರಿಯ ದಂಡೆಯ ಮೇಲಿದೆ. ರಾಮೇಶ್ವರನ ಗುಡಿ ಹೊಳೆಗೆ ಅಂಟಿಕೊಂಡೇ ಇದೆ, ಅದರ ಸೋಪಾನದ ಕೆಳಗೆ ವಹ್ನಿ ಪುಷ್ಕರಿಣಿ. ಅಲ್ಲಿ ದೇವರ ಮೀನುಗಳಿವೆ, ಮಹಶೀರ್ ಜಾತಿಯ ದೊಡ್ಡ ಮೀನುಗಳು. ಅವನ್ನು ಹಿಡಿಯುವಂತಿಲ್ಲ. ಬಂದವರೆಲ್ಲ ಕಡ್ಲೆಪುರಿ ಎರಚುತ್ತಾರೆ, ನೀರು ಕುದಿದಂತೆ ಮೀನು ಮೇಲೇಳುತ್ತವೆ. ದಸರೆಯ ಕಾಲಕ್ಕೆ ಹೊಳೆ ತುಂಬಿ ಕೆಂಪಗೆ ಹರಿಯುತ್ತಿರುತ್ತದೆ. ನಮ್ಮ ಚೆಂಡು ಒಮ್ಮೆ ಹೊಳೆಗೆ ಬಿದ್ದು ಸುಳಿಯಲ್ಲಿ ತಿರುಗುತ್ತ ನಿಂತಿತು. ಈಜು ಬಲ್ಲ ದೊಡ್ಡ ಹುಡುಗರೂ ಆ ನೀರಿಗೆ ಇಳಿಯಲಿಲ್ಲ. ತೆಪ್ಪದವರೊಬ್ಬರು ಗಳ ಚಾಚಿ ತಂದುಕೊಟ್ಟರು. "ಚುಂಚನಕಟ್ಟೆ ಧುಮುಕಿ ಕನ್ನಂಬಾಡಿ ಸೇರ್ಕತಿತ್ತು ಕಣ್ರಲಾ" ಎಂದು ಅವರು ಹೇಳಿದ ಮೇಲೆ ಹೊಳೆಯ ಕಡೆಯ ಗೋಲಿಗೆ ಒಬ್ಬ ಕಾವಲಿನವನನ್ನು ಹೆಚ್ಚಿಗೆ ನಿಲ್ಲಿಸುವುದು ಪದ್ಧತಿಯಾಯಿತು. ಅವನ ಕೆಲಸ ಗೋಲು ತಡೆಯುವುದಲ್ಲ, ಗೋಲಾದ ಚೆಂಡನ್ನು ಹೊಳೆಗೆ ಹೋಗದಂತೆ ಹಿಡಿಯುವುದು.

ಚೆಂಡು ಊರಿಗೆ ಒಂದೇ. ಅದು ಶಾಲೆಯದು. ಡ್ರಿಲ್ ಮೇಷ್ಟ್ರು ರಜೆಯ ಹಿಂದಿನ ಸಂಜೆ ಬೀರು ತೆಗೆದು ಅದನ್ನು ಹುಡುಗನೊಬ್ಬನ ಕೈಗೆ ಕೊಟ್ಟು, ಪುಸ್ತಕದಲ್ಲಿ ಅವನ ಹೆಸರು ಬರೆದುಕೊಳ್ಳುತ್ತಿದ್ದರು. ಸಹಿ ಹಾಕಿಸಿಕೊಳ್ಳುತ್ತಿದ್ದರು. ಏಳನೆಯ ತರಗತಿಯ ಹುಡುಗನಿಗೆ ಸಹಿ ಹಾಕುವುದೆಂದರೆ ಸಣ್ಣ ಸಂಗತಿಯಲ್ಲ. ಆ ರಜೆಯಲ್ಲಿ ಚೆಂಡಿನ ಗಾಳಿ, ಹೊಲಿಗೆ, ಲೇಸು ಎಲ್ಲಕ್ಕೂ ಅವನೇ ಹೊಣೆ. ಆಡಲು ಬಾರದವನಾದರೂ ತಂಡ ಆರಿಸುವ ಹಕ್ಕು ಅವನದು. ಮೇಷ್ಟ್ರು ಉದ್ದೇಶಪೂರ್ವಕವಾಗಿಯೇ ಪ್ರತಿ ವರ್ಷ ಬೇರೆ ಬೀದಿಯ ಹುಡುಗನನ್ನು ಆರಿಸುತ್ತಿದ್ದರು ಎಂಬುದು ನನಗೆ ಹೊಳೆದದ್ದು ದೊಡ್ಡವನಾದ ಮೇಲೆ. ಚೆಂಡು ಯಾವ ಬೀದಿಯಲ್ಲಿ ಮಲಗುತ್ತದೋ ಆ ಬೀದಿಗೆ ಮಿಕ್ಕ ಬೀದಿಗಳ ಹುಡುಗರು ಹೋಗಲೇಬೇಕು. ಅದುವರೆಗೆ ಕಾಲಿಡದ ಓಣಿಗಳಿಗೆ ನಾವು ಹೋದೆವು. ಅವರ ಮನೆಯ ನೀರು ಕುಡಿದೆವು. ಅವರೂ ಬಂದರು. ನಮ್ಮ ಮನೆಗಳಲ್ಲಿ ಇದಕ್ಕೆ ಮಾತು ಎದ್ದಿತು, ಆದರೆ ಚೆಂಡು ಶಾಲೆಯದಾದ್ದರಿಂದ ಯಾರೂ ಗಟ್ಟಿಯಾಗಿ ಬೇಡವೆನ್ನಲಿಲ್ಲ.

ಮೇಷ್ಟ್ರು ಹೇಳುತ್ತಿದ್ದ ಕತೆಗಳಲ್ಲಿ ನಮಗೆ ಬಲು ಇಷ್ಟವಾದದ್ದು 1948ರ ಲಂಡನ್ ಒಲಿಂಪಿಕ್ಸಿನದು. ಸ್ವಾತಂತ್ರ್ಯ ಬಂದ ಮರುವರ್ಷ ಭಾರತದ ತಂಡ ಫ್ರಾನ್ಸ್ ವಿರುದ್ಧ ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಸಿಕ್ಕ ಎರಡು ಪೆನಾಲ್ಟಿಗಳನ್ನೂ ಕಳೆದುಕೊಂಡು 1-2ರಿಂದ ಸೋತರು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸೋತ ಪಂದ್ಯದ ಕತೆಯನ್ನು ಮೇಷ್ಟ್ರು ಗೆದ್ದ ಪಂದ್ಯದ ಹುರುಪಿನಲ್ಲಿ ಹೇಳುತ್ತಿದ್ದರು. ಮೈಸೂರು ರಾಜ್ಯ 1967-68 ಮತ್ತು 1968-69ರಲ್ಲಿ ಸತತ ಎರಡು ಬಾರಿ ಬಂಗಾಳವನ್ನು ಫೈನಲ್‌ನಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದದ್ದೂ ಅವರ ಬಾಯಿಂದಲೇ ನಮಗೆ ಗೊತ್ತು. ಬರಿಗಾಲು ಬಡತನದ ಗುರುತೆಂದು ನಾಚುತ್ತಿದ್ದ ಹುಡುಗರು ಆ ಕತೆ ಕೇಳಿದ ಮೇಲೆ ತಮ್ಮ ಕಾಲನ್ನು ಬೇರೆ ಕಣ್ಣಿನಿಂದ ನೋಡಿಕೊಂಡರು.

ಚೆಂಡಿನ ಬಗ್ಗೆ ಹೇಳಬೇಕು, ಏಕೆಂದರೆ ಈಗಿನ ಚೆಂಡು ಹಾಗಿಲ್ಲ. ತೊಗಲಿನ ಪಟ್ಟಿಗಳನ್ನು ಸೇರಿಸಿ ಹೊಲಿದು, ಒಂದು ಕಡೆ ಬಾಯಿ ಬಿಟ್ಟು, ಒಳಗೆ ರಬ್ಬರಿನ ಬ್ಲಾಡರ್ ತೂರಿಸಿ, ಗಾಳಿ ತುಂಬಿದ ಮೇಲೆ ಬಾಯನ್ನು ಲೇಸಿನಿಂದ ಬಿಗಿಯಬೇಕು. ಲೇಸಿದ್ದ ಕಡೆ ತಲೆ ಕೊಟ್ಟರೆ ಹಣೆ ಕೆತ್ತಿಹೋಗುತ್ತಿತ್ತು. ಬ್ಲಾಡರ್ ತೂತಾದರೆ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿಸುತ್ತಿದ್ದೆವು. ಅಕ್ಟೋಬರಿನ ಜಡಿಮಳೆಗೆ ಸಿಕ್ಕ ತೊಗಲು ನೀರು ಕುಡಿದು ಭಾರವಾಗಿ, ಆಡುವಾಗ ಕಾಲಿನ ಹೆಬ್ಬೆರಳು ಊದಿಕೊಳ್ಳುತ್ತಿತ್ತು. ಹೊಲಿಗೆ ಬಿಟ್ಟರೆ ಬಸ್ ನಿಲ್ಲುವ ಜಾಗದ ಹತ್ತಿರ ಮರದ ಕೆಳಗೆ ಚಪ್ಪಲಿ ಹೊಲಿಯುತ್ತಿದ್ದ ಅಜ್ಜ ಒಬ್ಬರೇ ಗತಿ.

ಆ ಅಜ್ಜನ ಕೆಲಸವನ್ನು ನಾವು ಸುತ್ತ ಕೂತು ನೋಡುತ್ತಿದ್ದೆವು. ರಂಪಿಗೆಯಲ್ಲಿ ಹಳೆಯ ಹೊಲಿಗೆ ಕತ್ತರಿಸಿ, ಉಳಿಯಿಂದ ತೂತು ಮಾಡಿ, ಮೇಣ ಹಚ್ಚಿದ ನೂಲನ್ನು ಎರಡೂ ಕಡೆಯಿಂದ ಎಳೆದು ಬಿಗಿಯುವಾಗ ಅವರ ತೋಳಿನ ನರ ಎದ್ದು ಕಾಣುತ್ತಿತ್ತು. ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿ ನೋಡಿ, ಹರಳೆಣ್ಣೆ ಹಚ್ಚಿ ಕೊಡುತ್ತಿದ್ದರು. "ನೆನೆದ್ ಚೆಂಡ ಒಲೆ ಮುಂದೆ ಮಡಗ್‌ಬ್ಯಾಡಿ ಕಣ್ರಪ್ಪಾ, ನೆಳ್ಳಲ್ಲಿ ಒಣಗ್ಲಿ, ತೊಗಲು ಸೆಟ್ಕತದೆ" ಎಂದು ಪ್ರತಿ ಸಲವೂ ಹೇಳುತ್ತಿದ್ದರು. ದುಡ್ಡು ಕೇಳಲಿಲ್ಲ. ಮೇಷ್ಟ್ರು ಕೊಟ್ಟು ಕಳಿಸಿದರೆ ತೆಗೆದುಕೊಳ್ಳುತ್ತಿದ್ದರು. ಆ ಚೆಂಡಿನ ಅರ್ಧದಷ್ಟು ಹೊಲಿಗೆಯಾದರೂ ಅವರದೇ ಆಗಿತ್ತು. ಪಂದ್ಯ ನೋಡಲು ಅವರೂ ಬರುತ್ತಿದ್ದರು, ಮಾಳದ ಅಂಚಿನಲ್ಲಿ, ಎಲ್ಲರಿಗಿಂತ ದೂರದಲ್ಲಿ ನಿಲ್ಲುತ್ತಿದ್ದರು.

ಒಂದು ವರ್ಷ ಚೆಂಡು ನಮ್ಮ ಮನೆಯಲ್ಲಿತ್ತು. ಆಯುಧಪೂಜೆಯ ಬೆಳಿಗ್ಗೆ ನೇಗಿಲು, ಕುಡುಗೋಲು, ಮಚ್ಚು, ಅಪ್ಪನ ಸೈಕಲ್ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಾಗ ನಾನು ಚೆಂಡನ್ನೂ ತಂದು ದೇವರಮನೆಯ ಬಾಗಿಲಲ್ಲಿ ನಿಂತೆ. ಅಜ್ಜಿ ತಡೆದರು. "ತೊಗಲು ಒಳಿಕ್ ಬ್ಯಾಡ ಕಣ್ಲಾ ಮಗ, ಜಗ್ಲಿ ಮ್ಯಾಲೆ ನೇಗ್ಲು ಪಕ್ಕ ಮಡುಗು." ನಾನು ಜಗುಲಿಯ ಮೇಲೆ ಇಟ್ಟೆ. ಪೂಜೆ ಮುಗಿಸಿ ಹೊರಗೆ ಬಂದ ಅಜ್ಜಿ ನೇಗಿಲಿಗೆ ಕುಂಕುಮವಿಟ್ಟು, ಸೈಕಲ್ಲಿಗೆ ಹೂವು ಸಿಗಿಸಿ, ಚೆಂಡಿನ ಮುಂದೆ ನಿಂತರು. ಬಗ್ಗಿ ಅದಕ್ಕೂ ಅರಿಸಿನ ಕುಂಕುಮ ಹಚ್ಚಿದರು. ಸೇವಂತಿಗೆಯನ್ನು ಲೇಸಿನ ಸಂದಿಗೆ ಸಿಕ್ಕಿಸಿದರು. ಅವರ ಮನಸ್ಸಿನೊಳಗೆ ಏನು ಹಾಯ್ದುಹೋಯಿತೋ ನಾನು ಕೇಳಲಿಲ್ಲ, ಕೇಳುವ ವಯಸ್ಸಲ್ಲ. ಆ ದಿನ ಬಸ್ ನಿಲ್ದಾಣದ ಅಜ್ಜ ತಮ್ಮ ರಂಪಿಗೆ, ಉಳಿಗಳಿಗೆ ಪೂಜೆ ಮಾಡಿ ಕೂತಿದ್ದರು. ಅವರ ಕೈ ಹೊಲಿದ ತೊಗಲಿಗೆ ನಮ್ಮ ಅಜ್ಜಿ ಕೈಮುಗಿದದ್ದನ್ನು ಹೋಗಿ ಹೇಳಿದೆ. ಅವರು ನಕ್ಕು ನನ್ನ ಕಿಸೆ ತುಂಬ ಕಡ್ಲೆಪುರಿ ಸುರಿದರು. ಅಂದಿನಿಂದ ಚೆಂಡು ಯಾರ ಮನೆಯಲ್ಲಿರುತ್ತದೋ ಅವರ ಮನೆಯ ಜಗುಲಿಯಲ್ಲಿ ಆಯುಧಪೂಜೆಗೆ ಕೂರುವುದು ವಾಡಿಕೆಯಾಯಿತು. ಪೂಜೆಗೆ ಇಟ್ಟ ಆಯುಧವನ್ನು ಅಂದು ಮುಟ್ಟುವಂತಿಲ್ಲವಾದ್ದರಿಂದ ಅಂದು ಆಟವಿಲ್ಲ.

ಮಾರನೆಯ ದಿನ, ವಿಜಯದಶಮಿಯ ಮಧ್ಯಾಹ್ನ, ರಜೆಯ ದೊಡ್ಡ ಪಂದ್ಯ. ದೇವರು ಬನ್ನಿಮರಕ್ಕೆ ಹೋಗುವುದು ಸಂಜೆಗೆ. ಅದರೊಳಗೆ ಆಟ ಮುಗಿಯಬೇಕು. ಅಂಗಿ ಹಾಕಿದವರು ಒಂದು ಕಡೆ, ಬಿಚ್ಚಿದವರು ಇನ್ನೊಂದು ಕಡೆ. ತಂಡಕ್ಕೆ ಎಷ್ಟು ಜನ ಎಂಬ ಲೆಕ್ಕವಿಲ್ಲ, ಎರಡೂ ಕಡೆ ಸಮ ಇದ್ದರೆ ಆಯಿತು. ಗೋಲಿಗೆ ಎರಡು ಕಡೆ ಕಲ್ಲುಗುಪ್ಪೆ. ಆಫ್‌ಸೈಡ್ ಯಾರಿಗೂ ಗೊತ್ತಿಲ್ಲ. ಚೆಂಡು ಕೈಗೆ ತಾಗಿತೇ ಇಲ್ಲವೇ ಎಂಬ ಜಗಳಕ್ಕೆ ನಮ್ಮಲ್ಲೊಂದು ಸಾಕ್ಷಿ ಇತ್ತು: ಹೊಗೆಸೊಪ್ಪಿನ ಅಂಟಿನ ಕೈ ತಾಗಿದ ಜಾಗ ಚೆಂಡಿನ ಮೇಲೆ ಕಪ್ಪಾಗಿ ಉಳಿಯುತ್ತಿತ್ತು. ರಜೆ ಮುಗಿಯುವ ಹೊತ್ತಿಗೆ ಚೆಂಡೇ ಪೂರ್ತಿ ಕಪ್ಪಾಗಿ ಆ ಸಾಕ್ಷಿಯೂ ಕೆಲಸಕ್ಕೆ ಬರುತ್ತಿರಲಿಲ್ಲ. ಗೆದ್ದವರಿಗೆ ಒಂದು ಗೊನೆ ಬಾಳೆಹಣ್ಣು, ಹಿಂದಿನ ದಿನದ ಪುರಿ, ಬೆಲ್ಲ. ಸೋತವರಿಗೂ ಅದರಲ್ಲೇ ಪಾಲು. ಬನ್ನಿಮರದ ಕಡೆಯಿಂದ ತಮಟೆ ಕೇಳಿಸಿದ ಕೂಡಲೇ ಎಲ್ಲರೂ ಆಟ ಬಿಟ್ಟು ಅತ್ತ ಓಡುತ್ತಿದ್ದೆವು, ಅಂಗಿ ಬಿಚ್ಚಿದವರು ದಾರಿಯಲ್ಲೇ ತೊಟ್ಟುಕೊಳ್ಳುತ್ತ.

ರಾತ್ರಿಯ ಮಾತುಗಳೆಲ್ಲ ಬ್ಯಾರನ್ ಮುಂದೆ. ಎಲೆ ಹದವಾಗಿ ಬೇಯಲು ಹಲವು ದಿನ ಹಗಲಿರುಳು ಬೆಂಕಿ ಆರದಂತೆ, ಹೆಚ್ಚದಂತೆ ಕಾಯಬೇಕು. ದೊಡ್ಡವರ ಜೊತೆ ಹುಡುಗರೂ ಕಂಬಳಿ ಹೊದ್ದು ಕೂರುತ್ತಿದ್ದೆವು. ಒಲೆಯ ಬಾಯಿಗೆ ಆಲೂಗಡ್ಡೆ ಹಾಕಿ ಸುಟ್ಟು, ಸಿಪ್ಪೆ ಉದುರಿಸಿ, ಉಪ್ಪು ಹಚ್ಚಿ ತಿನ್ನುತ್ತ ಅಂದಿನ ಆಟವನ್ನು ಮತ್ತೆ ಆಡುತ್ತಿದ್ದೆವು. 1984ರಲ್ಲಿ ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಪದ್ಧತಿ ಬಂದಿತ್ತು. ದೊಡ್ಡವರ ಮಾತೆಲ್ಲ ಯಾವ ದರ್ಜೆಗೆ ಎಷ್ಟು ಬಂತು ಎನ್ನುವುದರ ಮೇಲೆ, ನಮ್ಮ ಮಾತು ಯಾರು ಯಾರಿಗೆ ಪಾಸ್ ಕೊಡಲಿಲ್ಲ ಎನ್ನುವುದರ ಮೇಲೆ. 1986ರ ದಸರೆಯಲ್ಲಂತೂ ಮರಡೋನಾ ಬಿಟ್ಟು ಬೇರೆ ಮಾತಿಲ್ಲ. ಆ ಜೂನ್‌ನಲ್ಲಿ ಮೆಕ್ಸಿಕೊ ವಿಶ್ವಕಪ್ಪನ್ನು ದೂರದರ್ಶನ ನೇರವಾಗಿ ತೋರಿಸಿತ್ತು. ಟೀವಿ ಇದ್ದ ಮನೆಯ ನಡುಮನೆಯಲ್ಲಿ ನಿದ್ದೆಗೆಟ್ಟು ಕೂತು, ಅರ್ಜೆಂಟೀನಾ ಪಶ್ಚಿಮ ಜರ್ಮನಿಯನ್ನು 3-2ರಿಂದ ಸೋಲಿಸಿದ್ದನ್ನು ನೋಡಿದ್ದೆವು. ದೂರದರ್ಶನದ ರಾಷ್ಟ್ರೀಯ ಪ್ರಸಾರವನ್ನು ದೇಶಕ್ಕೆ ಹಂಚುತ್ತಿದ್ದ ಇನ್‌ಸ್ಯಾಟ್-1ಬಿ ಉಪಗ್ರಹವನ್ನು ನಿಯಂತ್ರಿಸುತ್ತಿದ್ದದ್ದು ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ ಎಂದು ಮೇಷ್ಟ್ರು ಹೇಳಿದಾಗ ಮೆಕ್ಸಿಕೊ ಪಕ್ಕದ ತಾಲ್ಲೂಕಿನಷ್ಟು ಹತ್ತಿರವಾಯಿತು. ಆ ವರ್ಷ ಬನಿಯನ್ನಿನ ಬೆನ್ನಿಗೆ ಇದ್ದಿಲಿನಲ್ಲಿ 10 ಎಂದು ಬರೆದುಕೊಂಡವರೇ ಎಲ್ಲರೂ.

ಈ ಆಟದಲ್ಲಿ ಹುಡುಗಿಯರಿರಲಿಲ್ಲ. ನನ್ನ ಅಕ್ಕ ನನಗಿಂತ ಎರಡು ಪಟ್ಟು ದೂರಕ್ಕೆ ಒದೆಯಬಲ್ಲವಳಾಗಿದ್ದಳು. ಹಿತ್ತಲಿನಲ್ಲಿ, ಹುಣಸೆಮರದ ಗುರಿಗೆ, ನಾನು ಹತ್ತು ಒದ್ದರೆ ಒಂದು ತಾಗುತ್ತಿದ್ದ ಕಡೆ ಅವಳದು ಐದಾರು ತಾಗುತ್ತಿತ್ತು. ಬ್ಲಾಡರಿಗೆ ಗಾಳಿ ತುಂಬಿ, ಉಗುಳು ಹಚ್ಚಿ ಸೋರುತ್ತದೆಯೇ ಎಂದು ಪರೀಕ್ಷಿಸಿ, ಲೇಸು ಬಿಗಿದು ಕೊಡುವವಳು ಅವಳೇ. ಮಾಳಕ್ಕೆ ಮಾತ್ರ ಬರುವಂತಿರಲಿಲ್ಲ. ಅವಳ ಪಾಲಿಗೆ ಸಂಜೆಯೂ ಎಲೆ ಕಟ್ಟುವ ಕೆಲಸವೇ ಇರುತ್ತಿತ್ತು. ಆ ರಜೆಗಳನ್ನು ನೆನೆದು ನಾವು ಗಂಡಸರು ಖುಷಿಪಡುವಾಗ ಈ ಅನ್ಯಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಆಟ ನಿಂತದ್ದು ಒಂದೇ ದಿನಕ್ಕಲ್ಲ. ಕ್ರಿಕೆಟ್ಟು ಬಂದು ಫುಟ್‌ಬಾಲನ್ನು ನುಂಗಿತು ಎಂದು ನನ್ನ ಓರಗೆಯವರು ಹೇಳುತ್ತಾರೆ. 1983ರ ವಿಶ್ವಕಪ್ಪಿನ ಮೇಲೆ, ಅದರಲ್ಲೂ 1987ರಲ್ಲಿ ವಿಶ್ವಕಪ್ ಇಲ್ಲೇ ನಡೆದ ಮೇಲೆ, ತೆಂಗಿನ ಗರಿಯ ದಿಂಡನ್ನು ಬ್ಯಾಟು ಮಾಡಿಕೊಂಡ ಹುಡುಗರು ಎಲ್ಲ ಬೀದಿಗಳಲ್ಲಿ ಕಂಡದ್ದು ನಿಜ. ಆದರೆ ಅದೊಂದೇ ಕಾರಣವೆಂದು ನಾನು ಒಪ್ಪಲಾರೆ. ಕ್ರಿಕೆಟ್ ಆಡುತ್ತಲೇ ನಾವು ಒಂದೆರಡು ದಸರೆ ಫುಟ್‌ಬಾಲನ್ನೂ ಆಡಿದ್ದೇವೆ. ಮೇಷ್ಟ್ರಿಗೆ ವರ್ಗವಾಯಿತು. ಅವರ ನಂತರ ರಜೆಗೆ ಚೆಂಡು ಹೊರಗೆ ಬರಲಿಲ್ಲ. ಕಳೆದುಹೋದರೆ ಉತ್ತರ ಹೇಳುವವರು ಯಾರು ಎಂಬ ಪ್ರಶ್ನೆ ಎದ್ದಿತು, ಬೀರುವಿಗೆ ಬೀಗ ಬಿತ್ತು. ಬಸ್ ನಿಲ್ದಾಣದ ಅಜ್ಜ ತೀರಿಕೊಂಡರು, ಅವರ ಮಕ್ಕಳು ಬೇರೆ ಕೆಲಸ ಹಿಡಿದರು. ಕ್ರಿಕೆಟ್ಟಿನ ರಬ್ಬರ್ ಚೆಂಡನ್ನು ಯಾವ ಹುಡುಗ ಬೇಕಾದರೂ ಅಂಗಡಿಯಲ್ಲಿ ಕೊಳ್ಳಬಹುದಿತ್ತು. ತೊಗಲಿನ ಚೆಂಡಿಗೆ ಕೊಡುವವರು, ಹೊಲಿಯುವವರು, ಕಾಯುವವರು ಎಲ್ಲರೂ ಬೇಕು. ಆ ಸರಪಣಿಯ ಕೊಂಡಿಗಳು ಕಳಚಿದವು, ಅಷ್ಟೇ.

ಇದು ನನಗೆ ಸ್ಪಷ್ಟವಾದದ್ದು ಬಹಳ ವರ್ಷಗಳ ಮೇಲೆ, ಪೊಳಲಿಯಲ್ಲಿ. ಬಂಟ್ವಾಳ ತಾಲ್ಲೂಕಿನ ಪೊಳಲಿ ರಾಜರಾಜೇಶ್ವರಿಯ ಜಾತ್ರೆ ಮಾರ್ಚ್ ನಡುವಿನಲ್ಲಿ ಶುರುವಾಗಿ ತಿಂಗಳ ಹತ್ತಿರ ನಡೆಯುತ್ತದೆ. ಕೊನೆಯ ದಿನಗಳಲ್ಲಿ ಐದು ದಿನ ಚೆಂಡಾಟ. 'ಪೊಳಲಿ ಚೆಂಡು' ಎಂದರೆ ಕರಾವಳಿಯಲ್ಲಿ ಗೊತ್ತಿಲ್ಲದವರಿಲ್ಲ, ಐದನೆಯ ದಿನದ್ದು ಕಡೆಚೆಂಡು. ಗುಡಿಯ ಮುಂದಿನ ಗದ್ದೆಯಲ್ಲಿ ಜನ ಎರಡು ಬಣವಾಗಿ ತೊಗಲಿನ ಚೆಂಡಿಗೆ ಮುಗಿಬೀಳುತ್ತಾರೆ, ಧೂಳು ಏಳುತ್ತದೆ, ಚೆಂಡು ಕಾಣುವುದೇ ಇಲ್ಲ. ಕೆಡುಕಿನ ಮೇಲೆ ಒಳಿತಿನ ಗೆಲುವು ಇದು ಎಂದು ಹಿರಿಯರು ಹೇಳುತ್ತಾರೆ. ಗದ್ದೆಯ ಅಂಚಿನಲ್ಲಿ ಬಚ್ಚಂಗಾಯಿಯ, ಅಂದರೆ ಕಲ್ಲಂಗಡಿಯ ರಾಶಿ. ಪೊಳಲಿ ಜಾತ್ರೆಗೆ ಹೋದವರು ಬಚ್ಚಂಗಾಯಿ ಇಲ್ಲದೆ ಮನೆಗೆ ಮರಳುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಟಕ್ಕಿಂತ ಅದರ ಹಿಂದಿನ ಏರ್ಪಾಡು. ಆ ಚೆಂಡನ್ನು ಹೊಲಿಯುವುದು ಮೂಡುಬಿದಿರೆ ಬಳಿಯ ಮಿಜಾರಿನಲ್ಲಿರುವ ತೊಗಲು ಕೆಲಸದ ಕುಟುಂಬ. ಅದನ್ನು ಗುಡಿಗೆ ತಂದೊಪ್ಪಿಸುವುದು ಗಾಣಿಗರ ಮನೆತನ. ತಲೆಮಾರುಗಳಿಂದ ಹೀಗೆ. ಆ ಮನೆಯವರು ಹೊಲಿಯದಿದ್ದರೆ ಅಮ್ಮನವರ ಚೆಂಡು ನಡೆಯದು, ಚೆಂಡು ನಡೆಯದೆ ತೇರಿಲ್ಲ. ನಮ್ಮ ಅಜ್ಜಿ ಹೊಸ್ತಿಲಿನ ಆಚೆಗೆ ಇರಿಸಿದ ತೊಗಲಿಗೆ ಅಲ್ಲಿ ಗುಡಿಯ ಮುಂದೆಯೇ ಜಾಗವಿದೆ. ಹೊಲಿದ ಕೈಗೆ ಸಮಾಜ ಸಮನಾದ ಜಾಗ ಕೊಟ್ಟಿದೆಯೇ ಎಂಬ ಪ್ರಶ್ನೆಯನ್ನು ಪೊಳಲಿಗೂ ರಾಮನಾಥಪುರಕ್ಕೂ ಕೇಳಲೇಬೇಕು. ಆದರೂ ಯಾವ ವರ್ಷ ಯಾರು ಚೆಂಡು ತರಬೇಕೆಂಬ ಗೊಂದಲ ಅಲ್ಲಿಲ್ಲ. ನಮ್ಮೂರಿನ ತೇರಿಗೂ ಹಾಗೆಯೇ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಗೊತ್ತಾಗಿದೆ, ಅದಕ್ಕೇ ಷಷ್ಠಿಯಂದು ತೇರು ಹೊರಡುತ್ತದೆ. ದಸರೆಯ ಫುಟ್‌ಬಾಲಿಗೆ ಆ ಗೊತ್ತುಪಾಡು ಇರಲಿಲ್ಲ. ಒಬ್ಬ ಮೇಷ್ಟ್ರ ಪ್ರೀತಿಯ ಮೇಲೆ ಅದು ನಿಂತಿತ್ತು.

ಹಾಗೆಂದು ಫುಟ್‌ಬಾಲು ನಮ್ಮ ಸೀಮೆಯಿಂದಲೇ ಹೋಗಿಲ್ಲ. ಕುಶಾಲನಗರದ ಆಚೆ ಸುಂಟಿಕೊಪ್ಪದಲ್ಲಿ ಬೇಸಿಗೆ ರಜೆ ಬಂತೆಂದರೆ ಬ್ಲೂ ಬಾಯ್ಸ್ ಯುವಕ ಸಂಘದವರ ಡಿ. ಶಿವಪ್ಪ ಸ್ಮಾರಕ ಪಂದ್ಯಾವಳಿ ನಡೆಯುತ್ತದೆ. ಕಾಫಿ ತೋಟದ ಕೆಲಸ ಮುಗಿಸಿ ಬಂದವರು ಮೈದಾನದ ಸುತ್ತ ನಿಂತು ನೋಡುತ್ತಾರೆ. ಬೈಲಕುಪ್ಪೆಯ ಟಿಬೆಟನ್ ನೆಲೆಯಲ್ಲಿ ಕೆಂಪು ವಸ್ತ್ರ ಮೇಲಕ್ಕೆ ಕಟ್ಟಿ ಚೆಂಡಿನ ಹಿಂದೆ ಓಡುವ ಎಳೆಯ ಭಿಕ್ಕುಗಳನ್ನು ನಾನು ಕಂಡಿದ್ದೇನೆ. ದಲೈ ಲಾಮಾ ಅವರ ತಾಯಿಯ ನೆನಪಿಗೆ 1981ರಲ್ಲಿ ಶುರುವಾದ ಗ್ಯಾಲ್ಯುಮ್ ಚೆನ್ಮೊ ಚಿನ್ನದ ಕಪ್ಪಿಗೆ ದೇಶದ ಬೇರೆ ಬೇರೆ ಟಿಬೆಟನ್ ನೆಲೆಗಳಿಂದ ತಂಡಗಳು ಸೇರುತ್ತವೆ. ನೆಲ ಕಳೆದುಕೊಂಡು ಬಂದವರು ಆಟವನ್ನು ಕಳೆದುಕೊಳ್ಳಲಿಲ್ಲ. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ಸೌದಿಯ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ತಂದಿತು. ಮೇಷ್ಟ್ರು ಇದ್ದಿದ್ದರೆ ಆ ರಾತ್ರಿ ಫೋನು ಮಾಡುತ್ತಿದ್ದೆ.

ಆ ಗೆಲುವಿನ ಮರುದಿನ ಹಳೆಯ ಹುಡುಗರು ಕೆಲವರು ಫೋನಿನಲ್ಲಿ ಸೇರಿ ಮಾತಾಡಿದೆವು. ಒಬ್ಬ ಅರಕಲಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಒಬ್ಬ ಬೆಂಗಳೂರಿನಲ್ಲಿ ಬಸ್ ಓಡಿಸುತ್ತಾನೆ, ಒಬ್ಬನದು ಇನ್ನೂ ಊರಲ್ಲೇ ಬ್ಯಾರನ್ನು. ಮಾಳದ ಅಂಚುಗಳಲ್ಲಿ ಮನೆಗಳು ಎದ್ದಿವೆ, ಆದರೂ ಜಾತ್ರೆ ಕಟ್ಟುವ ಮುಂಚೆ ನಡುವೆ ಆಡುವಷ್ಟು ಜಾಗವಿದೆ ಎಂದು ಊರಲ್ಲಿರುವವನು ಹೇಳಿದ. ವಿಜಯದಶಮಿಯ ಪಂದ್ಯವನ್ನು ಮತ್ತೆ ಶುರುಮಾಡುವುದೆಂದು ಒಪ್ಪಿದೆವು. ತೊಗಲಿನ ಚೆಂಡು ಹೊಲಿಯುವವರು ಈಗ ಊರಿನಲ್ಲಿಲ್ಲ, ಅಂಗಡಿಯ ಚೆಂಡೇ ಆಗಬೇಕು. ಅದು ಪ್ರತಿ ವರ್ಷ ಒಂದೊಂದು ಬೀದಿಯ ಮನೆಯಲ್ಲಿರಬೇಕು, ಒಂದು ಪುಸ್ತಕವಿಟ್ಟು ಸಹಿ ಹಾಕಿಸಬೇಕು ಎಂಬಲ್ಲಿಗೆ ಮಾತು ನಿಂತಿತು. ಮೊದಲ ವರ್ಷ ಚೆಂಡನ್ನು ಯಾರ ಮನೆಯಲ್ಲಿಡುವುದು ಎಂದು ಚರ್ಚೆಯಾಯಿತು. ಚಪ್ಪಲಿ ಹೊಲಿಯುತ್ತಿದ್ದ ಅಜ್ಜನ ಮೊಮ್ಮಗ ಅದೇ ಊರಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಾನೆ. ಅವನನ್ನು ಕೇಳಿದೆವು, ಒಪ್ಪಿಕೊಂಡ. ಇಷ್ಟನ್ನು ಅಕ್ಕನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ: "ನನ್ನ ಮೊಮ್ಮಗಳು ಯಾವ ಟೀಮಿಗೆ ಆಡ್ತಾಳೆ, ಅದನ್ನ ಮೊದ್ಲು ಬರ್ಕೊ."